ಕೊನೆಯ ತುಂಡು ಕೂಡುವ ಲೆಕ್ಕ

ಎತ್ತಿನ ಬಂಡಿಯ ಗಾಲಿಯನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಅದರ ಸುತ್ತಿನ ಮರದ ಬಳೆಯಲ್ಲಿ ಎಷ್ಟು ತುಂಡುಗಳಿವೆ ಎಂದು ಎಣಿಸಿ ನೋಡಿದವರು ಬಹಳ ಮಂದಿ ಇರಲಾರರು. ಹೊಸಪೇಟೆಯಿಂದ ಕಂಪ್ಲಿಯ ಕಡೆಗೆ ಹೋಗುವಾಗ ಭತ್ತ, ಕಬ್ಬು, ಬಾಳೆ ಬೆಳೆಯುವ ಊರುಗಳ ಹಿತ್ತಿಲಲ್ಲಿ ಗೋಡೆಗೆ ಒರಗಿಸಿಟ್ಟ ಹಳೆಯ ಗಾಲಿಯೊಂದು ಕಣ್ಣಿಗೆ ಬಿದ್ದರೆ ಒಮ್ಮೆ ನಿಂತು ಎಣಿಸಿ. ನಡುವೆ ದಪ್ಪನೆಯ ದಿಮ್ಮಿ, ಅಂದರೆ ಗುಂಬ, ಒಂದು. ಅದರಿಂದ ಹೊರಟ ಅರಗಳು ಬಹುಮಟ್ಟಿಗೆ 12. ಸುತ್ತಿನ ಬಾಗಿದ ತುಂಡುಗಳು 6. ತುಂಡಿಗೆ ಎರಡೆರಡು ಅರ. ಇವೆಲ್ಲವನ್ನೂ ಹೊರಗಿನಿಂದ ಬಿಗಿದಪ್ಪಿದ ಕಬ್ಬಿಣದ ಹಳಿ ಒಂದು. ಅಂಟು ಎಲ್ಲಿಯೂ ಇಲ್ಲ.

ಆರು ತುಂಡು ಎಂದರೆ ಹನ್ನೆರಡು ತುದಿಗಳು. ಪ್ರತಿಯೊಂದು ತುದಿಯನ್ನೂ ಸರಿಯಾದ ಓರೆಯಲ್ಲಿ ಕೊಯ್ದರೆ ಮಾತ್ರ ಅದು ಪಕ್ಕದ ತುಂಡಿನೊಂದಿಗೆ ಸಂದಿಲ್ಲದೆ ಕೂಡುತ್ತದೆ. ಮೊದಲ ಐದು ತುಂಡುಗಳು ಹೇಗೋ ಕೂಡಿಬಿಡುತ್ತವೆ. ಓರೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಅಲ್ಲಿಯವರೆಗೆ ಗೊತ್ತಾಗುವುದಿಲ್ಲ. ಪರೀಕ್ಷೆ ಇರುವುದು ಆರನೆಯದರಲ್ಲಿ. ಅದು ಒಂದೋ ಉಳಿದ ಜಾಗದಲ್ಲಿ ಹಿಡಿಸುವುದಿಲ್ಲ, ಇಲ್ಲವೇ ಅಲ್ಲಾಡುತ್ತದೆ. ಹಿಂದಿನ ಐದು ತುಂಡುಗಳ ತಪ್ಪೆಲ್ಲ ಈ ಒಂದರ ತಲೆಯ ಮೇಲೆ ಬಂದು ಕೂತಿರುತ್ತದೆ.

ಬಂಡಿ ಮಾಡುವ ಬಡಿಗನ ಸಾಮಾನುಗಳನ್ನು ನೋಡಿದರೆ ಬಾಚಿ, ಉಳಿ, ಕೊಡತಿ, ಗರಗಸ, ಬೈರಿಗೆ, ಮೂಲೆಮಟ್ಟ, ಕೈವಾರ ಇವೆಲ್ಲ ಸಿಗುತ್ತವೆ. ಶಾಲೆಯ ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿರುವ ಕೋನಮಾಪಕ ಮಾತ್ರ ಸಿಗುವುದಿಲ್ಲ. ಕೋನವನ್ನು ಅಳೆಯದೆಯೇ ಆತ ಕೋನವನ್ನು ಕೊಯ್ಯುತ್ತಾನೆ. ಅದು ಹೇಗೆ ಸಾಧ್ಯ ಎಂಬುದು ಗಣಿತದ ಮೇಷ್ಟರೂ ಕೂತು ಯೋಚಿಸಬೇಕಾದ ಸಂಗತಿ.

ಅರ್ಧ ಡಿಗ್ರಿಯ ಬೆಲೆ

ಮೊದಲು ಪುಸ್ತಕದ ಲೆಕ್ಕವನ್ನೇ ನೋಡೋಣ. ಒಂದು ಪೂರ್ಣ ಸುತ್ತು 360 ಡಿಗ್ರಿ. ಆರು ತುಂಡುಗಳಾದರೆ ಒಂದೊಂದರ ಪಾಲಿಗೆ 60 ಡಿಗ್ರಿ. ಅದನ್ನು ಎರಡು ತುದಿಗಳಿಗೆ ಹಂಚಿದರೆ ತುದಿಗೆ 30. ಎಂಟು ತುಂಡಾದರೆ ತುದಿಯ ಓರೆ 22.5, ಹನ್ನೆರಡಾದರೆ 15, ಇಪ್ಪತ್ತನಾಲ್ಕಾದರೆ 7.5 ಡಿಗ್ರಿ. ಸೂತ್ರ ಬಹಳ ಸುಲಭ: 180ನ್ನು ತುಂಡುಗಳ ಸಂಖ್ಯೆಯಿಂದ ಭಾಗಿಸಿದರಾಯಿತು. ಏಳನೆಯ ತರಗತಿಯ ಹುಡುಗನೂ ಮಾಡಬಲ್ಲ.

ತೊಡಕಿರುವುದು ಕೊಯ್ಯುವುದರಲ್ಲಿ. ಕಂಪಾಸ್ ಪೆಟ್ಟಿಗೆಯ ಕೋನಮಾಪಕದ ತ್ರಿಜ್ಯ ಸುಮಾರು 5 ಸೆಂಟಿಮೀಟರ್. ಅದರ ಅಂಚಿನಲ್ಲಿ ಅರ್ಧ ಡಿಗ್ರಿ ಎಂದರೆ 0.44 ಮಿಲಿಮೀಟರ್, ಅಂದರೆ ಚೂಪಾದ ಪೆನ್ಸಿಲಿನ ಗೆರೆಯಷ್ಟು ಅಗಲ. ಆದ್ದರಿಂದ ಎಷ್ಟೇ ಎಚ್ಚರವಹಿಸಿದರೂ ಅರ್ಧ ಡಿಗ್ರಿ ತಪ್ಪುವುದು ಸಹಜ. ಅರ್ಧ ಡಿಗ್ರಿ ಎಂದರೆ ಏನು ಮಹಾ ಎನಿಸಬಹುದು. ಆದರೆ ಹನ್ನೆರಡು ತುದಿಗಳೂ ಒಂದೇ ಕಡೆಗೆ ಅರ್ಧರ್ಧ ಡಿಗ್ರಿ ತಪ್ಪಿದರೆ ಒಟ್ಟು 6 ಡಿಗ್ರಿ ಆಯಿತು. ಐದಡಿಗೆ ಹತ್ತಿರದ ಗಾಲಿ, ಲೆಕ್ಕದ ಅನುಕೂಲಕ್ಕೆ 75 ಸೆಂಟಿಮೀಟರ್ ತ್ರಿಜ್ಯ ಎನ್ನಿ. ಅದರ ಹೊರ ಅಂಚಿನಲ್ಲಿ 6 ಡಿಗ್ರಿ ಎಂದರೆ ಸುಮಾರು 8 ಸೆಂಟಿಮೀಟರ್. ಕೊನೆಯ ತುಂಡಿನ ಪಕ್ಕದಲ್ಲಿ ನಾಲ್ಕು ಬೆರಳು ತೂರಿಸುವಷ್ಟು ಸಂದು!

ಇಲ್ಲಿ ಆಗುತ್ತಿರುವುದು ತಪ್ಪಿನ ಗುಣಾಕಾರ. ಒಂದು ಕೊಯ್ತದ ತಪ್ಪು ಕಣ್ಣಿಗೆ ಕಾಣದು. ಅದು ಹನ್ನೆರಡರಷ್ಟಾದಾಗ ಕಾಣುತ್ತದೆ. ಹಾಗೆ ಕಂಡ ಮೇಲೆ ಮಾಡುವುದೇನೂ ಉಳಿದಿರುವುದಿಲ್ಲ, ಮರ ಆಗಲೇ ಹಾಳಾಗಿರುತ್ತದೆ. ಸಂದಿಗೆ ಚಕ್ಕೆ ತುರುಕಿ ಮುಚ್ಚಿದ ಗಾಲಿ ಬಡಿಗನ ಅಂಗಳದಲ್ಲಿ ಚೆನ್ನಾಗಿಯೇ ಉರುಳೀತು. ಆದರೆ ಕಬ್ಬು ಹೇರಿಕೊಂಡು ಕಾಲುವೆಯ ಏರಿಯ ಮೇಲೆ ಹೋಗುವಾಗ ಚಕ್ಕೆ ಉದುರಿ, ತುಂಡು ಸಡಿಲಿ, ಅರ ಮುರಿದರೆ ಬಂಡಿಯ ಗತಿ ಏನು? ನೊಗಕ್ಕೆ ಕಟ್ಟಿದ ಎತ್ತುಗಳ ಗತಿ ಏನು? ಹೊಸಪೇಟೆಯ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಕಬ್ಬಿನ ಬಂಡಿ ಹೊಡೆದವರಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಕೈವಾರದ ಜಾಣತನ

ಬಡಿಗ ಈ ಗುಣಾಕಾರದ ಗೊಡವೆಗೇ ಹೋಗುವುದಿಲ್ಲ. ನೆಲದ ಮೇಲೋ ಅಗಲವಾದ ಹಲಗೆಯ ಮೇಲೋ ಗಾಲಿಯ ಅಳತೆಗೆ ಒಂದು ವೃತ್ತ ಎಳೆಯುತ್ತಾನೆ. ಕೈವಾರದ ಕಾಲುಗಳನ್ನು ಅಲುಗಿಸದೆ ಅದೇ ಅಳತೆಯಲ್ಲಿ ವೃತ್ತದ ಅಂಚಿನ ಮೇಲೆ ಹೆಜ್ಜೆ ಹಾಕುತ್ತ ಹೋದರೆ ಸರಿಯಾಗಿ ಆರು ಹೆಜ್ಜೆಗೆ ಹೊರಟ ಜಾಗಕ್ಕೇ ಬಂದು ಸೇರುತ್ತದೆ. ತ್ರಿಜ್ಯವೇ ವೃತ್ತವನ್ನು ಆರು ಪಾಲು ಮಾಡುತ್ತದೆ. ಇದು ಅಂದಾಜಲ್ಲ, ನಿಖರವಾದ ಸತ್ಯ. ನಡುವಿನಿಂದ ಆ ಆರು ಗುರುತುಗಳಿಗೆ ಗೆರೆ ಎಳೆದರೆ ಕೊಯ್ಯಬೇಕಾದ ಓರೆ ತಾನಾಗಿಯೇ ಮೂಡಿತು. ಡಿಗ್ರಿಯ ಹೆಸರನ್ನೇ ಎತ್ತಲಿಲ್ಲ. ಒಂದು ಪಾಲಿನ ಅಳತೆಗೆ ತೆಳು ಹಲಗೆಯ ಅಚ್ಚು ಮಾಡಿಕೊಂಡು, ಅದನ್ನೇ ಇಟ್ಟು ಆರು ತುಂಡುಗಳಿಗೂ ಗೆರೆ ಎಳೆಯುತ್ತಾನೆ. ಪ್ರತಿ ಪಾಲನ್ನು ಮತ್ತೆ ಅರ್ಧ ಮಾಡಿದರೆ ಹನ್ನೆರಡು ಅರಗಳ ದಿಕ್ಕು ಸಿಕ್ಕಿತು.

ಗಾಲಿಗೆ ಆರು ತುಂಡುಗಳೇ ಏಕೆ, ನಾಲ್ಕು ಏಕಿಲ್ಲ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಆರು ಮಾಡಿದಾಗ ತುಂಡಿನ ನೇರ ಉದ್ದ ತ್ರಿಜ್ಯದಷ್ಟೇ, ಅಂದರೆ 75 ಸೆಂಟಿಮೀಟರ್. ಸುತ್ತಿನ ಬಳೆ 10 ಸೆಂಟಿಮೀಟರ್ ದಪ್ಪವಿರಬೇಕೆಂದರೆ ಆ ಬಾಗನ್ನು ಕೊಯ್ಯಲು ಸುಮಾರು 19 ಸೆಂಟಿಮೀಟರ್ ಅಗಲದ ಹಲಗೆ ಸಾಕು. ನಾಲ್ಕೇ ತುಂಡು ಮಾಡುವುದಾದರೆ 106 ಸೆಂಟಿಮೀಟರ್ ಉದ್ದ, 29 ಸೆಂಟಿಮೀಟರ್ ಅಗಲದ ಹಲಗೆ ಬೇಕು. ಅಂಥ ಹಲಗೆ ಸಿಗುವುದೇ ಕಷ್ಟ. ಸಿಕ್ಕರೂ ಹೆಚ್ಚಿನ ಪಾಲು ಚಕ್ಕೆಯಾಗಿ ಒಲೆಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಮರದ ನಾರಿನದು. ಹಲಗೆಯ ನಾರು ನೇರ, ಗಾಲಿಯ ಸುತ್ತು ಬಾಗು. ನಾಲ್ಕು ತುಂಡಿನ ಗಾಲಿಯಲ್ಲಿ ತುದಿಗೆ ಬರುವಷ್ಟರಲ್ಲಿ ನಾರು ಸುತ್ತಿನ ದಿಕ್ಕಿಗೆ 45 ಡಿಗ್ರಿ ಅಡ್ಡವಾಗಿಬಿಡುತ್ತದೆ. ಏಟು ಬಿದ್ದರೆ ಅಲ್ಲಿಯೇ ಸೀಳು. ಆರು ತುಂಡಿನಲ್ಲಿ ಆ ಅಡ್ಡ 30 ಡಿಗ್ರಿಗೆ ಇಳಿಯುತ್ತದೆ. ಜಾಲಿಯ ಮರದಲ್ಲಿ ತಾನಾಗಿಯೇ ಬಾಗಿ ಬೆಳೆದ ಕೊಂಬೆ ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲಿ ನಾರೇ ಸುತ್ತಿನೊಂದಿಗೆ ಬಾಗಿರುತ್ತದೆ.

ಹಾಗಾದರೆ 14 ಅರ, 7 ತುಂಡಿನ ಗಾಲಿ ಬೇಕೆಂದರೆ? ಇಲ್ಲಿ ಕಥೆ ಸ್ವಾರಸ್ಯಕರವಾಗುತ್ತದೆ. ಅಳತೆಪಟ್ಟಿ ಮತ್ತು ಕೈವಾರ ಮಾತ್ರ ಬಳಸಿ ವೃತ್ತವನ್ನು ನಿಖರವಾಗಿ ಏಳು ಪಾಲು ಮಾಡಲು ಬರುವುದಿಲ್ಲ. ಜರ್ಮನಿಯ ಗಾಸ್ 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಹದಿನೇಳು ಪಾಲು ಸಾಧ್ಯವೆಂದು ತೋರಿಸಿ ಬೆರಗು ಮೂಡಿಸಿದ. ಆದರೆ ಏಳು ಅಸಾಧ್ಯವೆಂಬುದಕ್ಕೆ ಪೂರ್ಣ ಸಾಧನೆ ಕೊಟ್ಟವನು ಫ್ರಾನ್ಸಿನ ವಾಂಟ್ಸೆಲ್, 1837ರಲ್ಲಿ. ಕೆಲಸ ಮಾಡುವ ಕೈಗಳು ಅಷ್ಟು ದಿನ ಕಾದು ಕೂತಿರಲಿಲ್ಲವೆನ್ನಿ. ಜರ್ಮನಿಯದೇ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿ ಅಚ್ಚುಹಾಕಿಸಿದ ಕ್ಷೇತ್ರಗಣಿತದ ಪುಸ್ತಕದಲ್ಲಿ ಒಂದು ಉಪಾಯವಿದೆ. ವೃತ್ತದೊಳಗೆ ಸಮಬಾಹು ತ್ರಿಕೋನ ಬರೆದು, ಅದರ ಒಂದು ಬಾಹುವಿನ ಅರ್ಧವನ್ನು ಕೈವಾರದಲ್ಲಿ ಹಿಡಿದರೆ ಏಳನೆಯ ಒಂದು ಪಾಲು ಹತ್ತಿರಹತ್ತಿರ ಸಿಗುತ್ತದೆ. (ಹಂಪಿಯಲ್ಲಿ ಆಗ ಕೃಷ್ಣದೇವರಾಯನ ಆಳ್ವಿಕೆ.) ನಮ್ಮ 75 ಸೆಂಟಿಮೀಟರ್ ತ್ರಿಜ್ಯದ ಗಾಲಿಯಲ್ಲಿ ಈ ಉಪಾಯದಿಂದ ಏಳು ಹೆಜ್ಜೆ ಹಾಕಿದರೆ ಕೊನೆಗೆ ಸುಮಾರು 10 ಮಿಲಿಮೀಟರ್ ಮಾತ್ರ ಕಡಿಮೆ ಬೀಳುತ್ತದೆ.

ಆ 10 ಮಿಲಿಮೀಟರನ್ನು ಏನು ಮಾಡುವುದು? ಕೈವಾರವನ್ನು ಅದರ ಏಳನೆಯ ಒಂದು ಪಾಲಿನಷ್ಟು, ಅಂದರೆ ಕೂದಲೆಳೆ ಹೆಚ್ಚು ಅಗಲಿಸಿ ಮತ್ತೆ ಸುತ್ತಬೇಕು. ಈ ಸಲ ಅರ್ಧ ಮಿಲಿಮೀಟರ್ ಹೆಚ್ಚಾಗಬಹುದು. ಮತ್ತೆ ಅದರ ಏಳನೆಯ ಪಾಲು ತಗ್ಗಿಸಬೇಕು. ಎರಡು ಮೂರು ಸುತ್ತಿನಲ್ಲಿ ಗುರುತಿನ ಮೇಲೆ ಗುರುತು ಕೂರುತ್ತದೆ. ಗಮನಿಸಿ: ಕೋನಮಾಪಕ ಹಿಡಿದವನ ತಪ್ಪು ಪ್ರತಿ ಕೊಯ್ತಕ್ಕೂ ಬೆಳೆಯುತ್ತ ಹೋಗಿ ಕೊನೆಯ ತುಂಡಿನಲ್ಲಿ ಸೇರಿಕೊಳ್ಳುತ್ತದೆ. ಕೈವಾರದವನು ಮೊದಲು ಪೂರ್ತಿ ಸುತ್ತಿ ಬಂದು, ಒಟ್ಟು ತಪ್ಪು ಎಷ್ಟೆಂದು ಕಣ್ಣಾರೆ ನೋಡಿ, ಅದನ್ನು ಎಲ್ಲ ಪಾಲುಗಳಿಗೂ ಹಂಚುತ್ತಾನೆ. ಒಬ್ಬನದು ಗುಣಾಕಾರ, ಇನ್ನೊಬ್ಬನದು ಭಾಗಾಕಾರ. ಬಡಿಗತನದ ನಿಖರತೆಯ ಗುಟ್ಟು ಬಹುಮಟ್ಟಿಗೆ ಇಷ್ಟೇ.

ಹಳಿ ಬಿಗಿದಾಗ

ಮರದ ಕೆಲಸ ಮುಗಿದ ಮೇಲೆ ಗಾಲಿ ಕಮ್ಮಾರನ ಅಂಗಳಕ್ಕೆ ಹೋಗುತ್ತದೆ. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ಲೋಕಕ್ಕೆಲ್ಲ ಗೊತ್ತು. ಆ ಅದಿರು ರೈಲುಹಳಿಯ ಮೇಲೆ ದೂರ ಹೋದರೆ, ಬಂಡಿಯ ಹಳಿಯಾಗಿ ಊರಿಗೆ ಮರಳುವ ಕಬ್ಬಿಣ ಸ್ವಲ್ಪವೇ. ರೈಲಿನ ದಾರಿಗೂ ಗಾಲಿಯ ಪಟ್ಟಿಗೂ ಕನ್ನಡದಲ್ಲಿ ಹಳಿ ಎಂಬ ಒಂದೇ ಮಾತು ಇರುವುದು ಸೊಗಸಾಗಿದೆ.

ಗಾಲಿಯ ಸುತ್ತಳತೆಗಿಂತ ಹಳಿಯನ್ನು ಬೇಕೆಂದೇ ತುಸು ಚಿಕ್ಕದಾಗಿ ಬೆಸೆಯುತ್ತಾರೆ. ಅದನ್ನು ನೆಲದ ಮೇಲಿಟ್ಟು ಸುತ್ತ ಬೆರಣಿ, ಕಟ್ಟಿಗೆ ಒಟ್ಟಿ ಕೆಂಪಗೆ ಕಾಯಿಸುತ್ತಾರೆ. ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. ನಮ್ಮ ಗಾಲಿಯ ಸುತ್ತಳತೆ 471 ಸೆಂಟಿಮೀಟರ್. 500 ಡಿಗ್ರಿ ಬಿಸಿಯೇರಿಸಿದರೆ ಹಳಿ ಸುಮಾರು 28 ಮಿಲಿಮೀಟರ್, ಒಂದು ಅಂಗುಲಕ್ಕೂ ಮಿಕ್ಕಿ, ಉದ್ದವಾಗುತ್ತದೆ. ಆಗ ಇಕ್ಕಳಗಳಲ್ಲಿ ಎತ್ತಿ ತಂದು ಗಾಲಿಗೆ ತೊಡಿಸಿ, ಕೊಡಗಟ್ಟಲೆ ನೀರು ಸುರಿಯುತ್ತಾರೆ. ಹೊಗೆ, ಹಬೆ, ಮರ ಚಟಚಟ ಎನ್ನುವ ಸದ್ದು. ಹಳಿ ಕುಗ್ಗುತ್ತ ಆರೂ ತುಂಡುಗಳನ್ನು ಒಟ್ಟಿಗೆ ಒಳಕ್ಕೆ ಅಮುಕುತ್ತದೆ. ಅಂಟಿಲ್ಲದ ಬಳೆ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಹಳಿ ತೊಡಿಸುವ ಮೊದಲೇ ತುಂಡುಗಳು ಒಂದಕ್ಕೊಂದು ಪೂರ್ಣ ಬಿಗಿಯಾಗಿ ತಾಗಿಬಿಟ್ಟಿದ್ದರೆ ಗಾಲಿ ಕೆಟ್ಟಿತು! ಹಳಿಯ ಬಿಗಿತವನ್ನೆಲ್ಲ ಸುತ್ತಿನ ಬಳೆಯೇ ತಿಂದುಹಾಕುತ್ತದೆ. ಅರಗಳಿಗೆ ಏನೂ ತಲುಪದೆ ಅವು ಸಡಿಲವಾಗಿಯೇ ಉಳಿಯುತ್ತವೆ. ತುಂಡುಗಳ ನಡುವೆ ಸಂದು ಅತಿಯಾದರೆ ಬಿಗಿತವೆಲ್ಲ ಅರಗಳ ಮೇಲೆ ಬಿದ್ದು ಅವು ಬಾಗುತ್ತವೆ, ಇಲ್ಲವೇ ಗುಂಬದ ತೂತುಗಳು ಸೀಳುತ್ತವೆ. ಆದ್ದರಿಂದ ಪ್ರತಿ ಕೂಡಿಕೆಯಲ್ಲೂ ಅಳತೆಯರಿತ ಒಂದಿಷ್ಟು ಸಂದು ಬಿಡಬೇಕು, ಅದೂ ಆರರಲ್ಲೂ ಸಮನಾಗಿ. ಓರೆ ತಪ್ಪಿ ಆದ ಸಂದು ಒಂದು ಅಂಚಿನಲ್ಲಿ ಅಗಲ, ಇನ್ನೊಂದು ಅಂಚಿನಲ್ಲಿ ಕಿರಿದು. ಹಳಿ ಬಿಗಿದಾಗ ಕಿರಿದಾದ ಅಂಚು ಮೊದಲು ತಾಗಿ ಜಜ್ಜಿಹೋಗುತ್ತದೆ. ಬೇಕೆಂದು ಬಿಟ್ಟ ಸಂದು ಎರಡು ಅಂಚಿಗೂ ಒಂದೇ ಸಮ. ಅದು ನೀಟಾಗಿ ಮುಚ್ಚಿಕೊಳ್ಳುತ್ತದೆ. ಎರಡೂ ಸಂದೇ ಆದರೂ ಒಂದು ಅಜ್ಞಾನ, ಇನ್ನೊಂದು ವಿದ್ಯೆ.

ಹಂಪಿಯ ಕಲ್ಲುಗಳಲ್ಲಿ

ಹಂಪಿಯ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಪ್ರತ್ಯಕ್ಷ ನೋಡದವರೂ 2017ರಿಂದ ಚಲಾವಣೆಗೆ ಬಂದ 50 ರೂಪಾಯಿ ನೋಟಿನಲ್ಲಿ ನೋಡಿರುತ್ತಾರೆ. ಒಂದೇ ಬಂಡೆಯಲ್ಲಿ ಕೊರೆದದ್ದು ಎಂದು ಹಲವರು ತಿಳಿದಿರುವುದುಂಟು. ಹಾಗಲ್ಲ, ಹಲವು ಕಲ್ಲುಗಳನ್ನು ಕೂಡಿಕೆ ಕಾಣದಂತೆ ಜೋಡಿಸಿ ಕಟ್ಟಿದ ಗರುಡನ ಗುಡಿ ಅದು. ಗಾಲಿಗಳು ಒಂದು ಕಾಲಕ್ಕೆ ಅಚ್ಚಿನ ಮೇಲೆ ತಿರುಗುತ್ತಿದ್ದವು. ನೋಡಬಂದವರೆಲ್ಲ ತಿರುಗಿಸಿ ಸವೆಸುವುದನ್ನು ತಪ್ಪಿಸಲು ಅವನ್ನು ಗಟ್ಟಿಮಾಡಿ ನಿಲ್ಲಿಸಲಾಯಿತು.

ತುಂಡು ಕೂಡಿಸುವ ವಿದ್ಯೆಯ ದೃಷ್ಟಿಯಿಂದ ಇನ್ನೂ ಹೆಚ್ಚು ನೋಡತಕ್ಕದ್ದು ರಾಜಾಂಗಣದ ಮೆಟ್ಟಿಲು ಪುಷ್ಕರಣಿ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಹೊರಬಂದ ಈ ಕಪ್ಪುಕಲ್ಲಿನ ಕೊಳದ ಕಲ್ಲುಗಳ ಮೇಲೆ ಸಣ್ಣ ಗುರುತುಗಳಿವೆ. ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು ಎಂಬುದನ್ನು ತಿಳಿಸುವ ಗುರುತುಗಳು. ಬೇರೆ ಕಡೆ ಕೆತ್ತಿ ತಂದ ಕಲ್ಲುಗಳನ್ನು ಇಲ್ಲಿ ಕ್ರಮವಾಗಿ ಕೂಡಿಸಿದ್ದಾರೆ. ಪ್ರತಿ ಕಲ್ಲಿಗೂ ಅದರದೇ ಜಾಗ. ಬಂಡಿಯ ಬಡಿಗನೂ ಇದನ್ನೇ ಮಾಡುತ್ತಾನೆ. ತುಂಡುಗಳನ್ನು ಒಮ್ಮೆ ಜೋಡಿಸಿ ನೋಡಿ, ಯಾವ ತುಂಡು ಯಾವ ಅರಕ್ಕೆ ಎಂದು ಉಳಿಯಿಂದ ಗೀರು ಹಾಕಿಕೊಳ್ಳುತ್ತಾನೆ. ಒಂದೇ ಅಚ್ಚಿನಿಂದ ಗೆರೆ ಎಳೆದಿದ್ದರೂ ಕೈಯಿಂದ ಕೊಯ್ದ ಆರು ತುಂಡುಗಳು ಆರು ಮಕ್ಕಳಿದ್ದಂತೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಚೈತ್ರ ಮಾಸದಲ್ಲಿ ಹಂಪಿಯ ಬೀದಿಯಲ್ಲಿ ವಿರೂಪಾಕ್ಷನ ಮರದ ತೇರು ಹೊರಡುತ್ತದೆ. ದೊಡ್ಡ ತೇರುಗಳ ಗಾಲಿಗೆ ಸಾಮಾನ್ಯವಾಗಿ ಅರಗಳಿರುವುದಿಲ್ಲ. ದಪ್ಪ ಹಲಗೆಗಳನ್ನು ಒತ್ತಿ ಕೂಡಿಸಿ, ಕಬ್ಬಿಣದ ಪಟ್ಟಿ ಬಿಗಿದು ಮಾಡುವ ತುಂಬುಗಾಲಿಗಳವು. ಕೋನದ ಪರೀಕ್ಷೆ ಅಲ್ಲಿ ಬರುವುದು ಮೇಲಿನ ಅಟ್ಟಣೆಗಳಲ್ಲಿ. ಎಂಟು ಮೂಲೆಯ ಅಟ್ಟಣೆಯಾದರೆ ಹದಿನಾರು ತುದಿಗಳು, ಒಂದೊಂದಕ್ಕೂ 22.5 ಡಿಗ್ರಿ. ಈ ಹಂಪಿಯ ತೇರಿನ ಕುಸುರಿ ಕೆಲಸ ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಲೆಗಾರರ ಪೂರ್ವಜರದು ಎಂದು ಹೇಳುತ್ತ ಬಂದಿದ್ದಾರೆ. ಎಳೆಯುವ ತೇರಿನ ಭಾರ ಎಂಥದೆಂದು 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರನ ತೇರು ಜನರ ನಡುವೆಯೇ ಉರುಳಿದಾಗ ಇಡೀ ನಾಡಿಗೆ ಗೊತ್ತಾಯಿತು.

ಲೇಥಿನ ಮೇಲೆ ತುಂಡುಗಳ ಬಟ್ಟಲು

ಗಾಲಿಯ ಈ ಲೆಕ್ಕ ಚಿಕ್ಕದಾಗಿ, ಆದರೆ ಇನ್ನೂ ಕಟ್ಟುನಿಟ್ಟಾಗಿ, ಮತ್ತೊಂದು ಕಸುಬಿನಲ್ಲಿ ಬರುತ್ತದೆ. ಚನ್ನಪಟ್ಟಣದ ಗೊಂಬೆಗಳನ್ನು ಲೇಥಿನ ಮೇಲೆ ಕಡೆಯುವುದು ಎಲ್ಲರಿಗೂ ಗೊತ್ತು. ಅಲ್ಲಿ ಒಂದೇ ಮರದ ತುಂಡನ್ನು ಕಡೆದು, ಅರಗಿನ ಬಣ್ಣ ಹಚ್ಚುತ್ತಾರೆ. ಅಮೆರಿಕ, ಇಂಗ್ಲೆಂಡುಗಳ ಹವ್ಯಾಸಿ ಬಡಗಿಗಳು ಮಾಡುವ ಇನ್ನೊಂದು ಬಗೆಯಿದೆ. ಬೇರೆ ಬೇರೆ ಬಣ್ಣದ ಮರಗಳ ಸಣ್ಣ ಸಣ್ಣ ತುಂಡುಗಳನ್ನು ಓರೆಯಾಗಿ ಕೊಯ್ದು, ಅಂಟಿಸಿ ಬಳೆ ಮಾಡುತ್ತಾರೆ. ಇಟ್ಟಿಗೆ ಗೋಡೆಯಂತೆ, ಕೆಳಗಿನ ಸಾಲಿನ ಕೂಡಿಕೆಯ ಮೇಲೆ ಮೇಲಿನ ಸಾಲಿನ ತುಂಡಿನ ನಡುಭಾಗ ಬರುವಂತೆ ಬಳೆಯ ಮೇಲೆ ಬಳೆ ಏರಿಸುತ್ತಾರೆ. ಆಮೇಲೆ ಲೇಥಿಗೆ ಕಟ್ಟಿ ಬಟ್ಟಲು, ಹೂಜಿ ಕಡೆಯುತ್ತಾರೆ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ತೇಪೆ ಕಸೂತಿಯ ನೆನಪು ತರುವ ವಿನ್ಯಾಸಗಳು ಮರದಲ್ಲಿ ಮೂಡುತ್ತವೆ. ಒಂದೇ ವ್ಯತ್ಯಾಸ: ಬಟ್ಟೆಯ ತುಂಡು ಸ್ವಲ್ಪ ಕಡಿಮೆಯಾದರೆ ಎಳೆದು ಹೊಲಿಯಬಹುದು, ಮರ ಎಳೆದರೆ ಬರುವುದಿಲ್ಲ.

ಹನ್ನೆರಡು ತುಂಡಿನ, 15 ಸೆಂಟಿಮೀಟರ್ ತ್ರಿಜ್ಯದ ಬಳೆ ತೆಗೆದುಕೊಳ್ಳಿ. ಒಂದೊಂದು ತುಂಡಿನ ಹೊರ ಅಂಚು ಸುಮಾರು 8 ಸೆಂಟಿಮೀಟರ್. ಇಪ್ಪತ್ತನಾಲ್ಕು ತುದಿ. ತುದಿಗೆ ಹತ್ತನೆಯ ಒಂದು ಡಿಗ್ರಿ ತಪ್ಪಿದರೂ ಒಟ್ಟು 2.4 ಡಿಗ್ರಿ, ಅಂಚಿನಲ್ಲಿ 6 ಮಿಲಿಮೀಟರ್ ಸಂದು. ಹೊರಗಿನಿಂದ ಬಿಗಿಯಲು ಇಲ್ಲಿ ಹಳಿಯಿಲ್ಲ, ಅಂಟೇ ಗತಿ. ಅಂಟು ಸಂದನ್ನು ತುಂಬುತ್ತದೆಯೇ ಹೊರತು ಸಂದಿನಲ್ಲಿ ಬಲ ಹಿಡಿಯುವುದಿಲ್ಲ. ನಿಮಿಷಕ್ಕೆ 1200 ಸುತ್ತು ತಿರುಗುವ ಲೇಥಿನಲ್ಲಿ ಈ ಬಳೆಯ ಅಂಚು ಗಂಟೆಗೆ 68 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆಗ ಒಂದು ತುಂಡು ಕಿತ್ತು ಬಂದರೆ ಎದುರು ನಿಂತವನ ಮುಖದ ಗತಿ ಹೇಳಬೇಕಾಗಿಲ್ಲ.

ಅವರು ಕಂಡುಕೊಂಡ ಉಪಾಯಗಳನ್ನು ನೋಡಿದರೆ ನಮ್ಮ ಬಡಿಗನ ಭಾಗಾಕಾರವೇ ಬೇರೆ ವೇಷದಲ್ಲಿ ಕಾಣುತ್ತದೆ. ಮೊದಲನೆಯದು ಅರ್ಧಬಳೆಯ ಉಪಾಯ. ಹನ್ನೆರಡನ್ನೂ ಒಟ್ಟಿಗೆ ಅಂಟಿಸದೆ ಆರಾರು ತುಂಡಿನ ಎರಡು ಅರ್ಧಬಳೆ ಮಾಡಿಕೊಳ್ಳುವುದು. ತಪ್ಪುಗಳೆಲ್ಲ ಸೇರಿ ಅರ್ಧಬಳೆಯ ಎರಡು ತುದಿಗಳು ಒಂದೇ ನೇರದಲ್ಲಿ ಇರುವುದಿಲ್ಲ. ಸಮತಟ್ಟಾದ ಗಾಜಿನ ಮೇಲೆ ಮರಳುಕಾಗದ ಅಂಟಿಸಿ, ಎರಡೂ ತುದಿಗಳು ಒಟ್ಟಿಗೆ ತಾಗುವಂತೆ ಉಜ್ಜಿದರೆ ನೇರವಾಗುತ್ತವೆ. ನೇರವಾದ ಎರಡು ಅರ್ಧಗಳು ಕೂಡಿದರೆ ಸಂದು ಎಲ್ಲಿಂದ ಬರಬೇಕು? ಬಳೆ ಎಳ್ಳಷ್ಟು ಮೊಟ್ಟೆಯಾಕಾರವಾದರೂ ಲೇಥು ಅದನ್ನು ದುಂಡಗೆ ಮಾಡುತ್ತದೆ. ತುಂಡುಗಳ ಸಂಖ್ಯೆ ಸರಿಸಂಖ್ಯೆಯಾಗಿರಬೇಕು ಅಷ್ಟೆ.

ಎರಡನೆಯದು ಬೆಣೆಯ ಉಪಾಯ. ಗರಗಸದ ಮೇಜಿನ ಮೇಲೆ ಜಾರುವ ಹಲಗೆಯೊಂದಕ್ಕೆ ಎರಡು ಆಸರೆಪಟ್ಟಿಗಳು. ತುಂಡಿನ ಒಂದು ತುದಿಯನ್ನು ಮೊದಲ ಪಟ್ಟಿಗೆ ಒತ್ತಿ ಕೊಯ್ಯಬೇಕು, ಇನ್ನೊಂದು ತುದಿಯನ್ನು ಎರಡನೆಯದಕ್ಕೆ ಒತ್ತಿ. ಒಂದೊಂದು ಪಟ್ಟಿಯೂ 15 ಡಿಗ್ರಿಗೆ ನಿಂತಿದೆಯೇ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡರ ನಡುವಿನ ಓರೆಗೆ 30 ಡಿಗ್ರಿಯ ಒಂದು ಬೆಣೆ ಇಟ್ಟು ಬಿಗಿದುಬಿಡುತ್ತಾರೆ. ಮೊದಲ ಪಟ್ಟಿ 14.8ಕ್ಕೆ ನಿಂತಿದ್ದರೆ ಎರಡನೆಯದು 15.2ಕ್ಕೆ ನಿಲ್ಲಲೇಬೇಕು, ತುಂಡಿನ ಒಟ್ಟು ಓರೆ 30ಕ್ಕೆ ಕೆಡುವುದಿಲ್ಲ. ಒಂದರ ತಪ್ಪನ್ನು ಇನ್ನೊಂದು ತಿಂದುಹಾಕಿತು. ಉಳಿಯುವುದು ಬೆಣೆಯ ತಪ್ಪು ಮಾತ್ರ.

ಬೆಣೆ ಸರಿಯಿದೆಯೇ ಎಂದು ತಿಳಿಯುವುದು ಹೇಗೆ? ಅದಕ್ಕೂ ಕೋನಮಾಪಕ ಬೇಡ. ದೊಡ್ಡ ಕಾಗದದ ಮೇಲೆ ಒಂದು ಚುಕ್ಕೆ ಇಟ್ಟು, ಬೆಣೆಯ ಮೂಲೆಯನ್ನು ಅಲ್ಲಿ ಕೂರಿಸಿ ಗೆರೆ ಎಳೆಯಿರಿ. ಎಳೆದ ಗೆರೆಗೆ ಬೆಣೆಯನ್ನು ತಾಗಿಸಿ ಮತ್ತೊಂದು ಗೆರೆ. ಹೀಗೆ ಹನ್ನೆರಡು ಬಾರಿ. ಕೊನೆಯ ಗೆರೆ ಮೊದಲನೆಯದರ ಮೇಲೇ ಬಿದ್ದರೆ ಬೆಣೆ ಸರಿ. ಇಲ್ಲವಾದರೆ ಕಂಡ ವ್ಯತ್ಯಾಸದ ಹನ್ನೆರಡನೆಯ ಒಂದು ಪಾಲು ತಿದ್ದಬೇಕು. ತಪ್ಪಿನ ಗುಣಾಕಾರವನ್ನೇ ಇಲ್ಲಿ ಭೂತಗನ್ನಡಿಯಂತೆ ಬಳಸಿಕೊಂಡದ್ದಾಯಿತು. ಫ್ರಾನ್ಸಿನಲ್ಲಿ 1790ರ ದಶಕದಲ್ಲಿ ಮೀಟರಿನ ಉದ್ದ ಗೊತ್ತುಪಡಿಸಲು ಡೆಲಾಂಬ್ರ್ ಮತ್ತು ಮೆಶೇನ್ ಎಂಬ ಖಗೋಳಜ್ಞರು ನೆಲ ಅಳೆದಾಗ ಬಳಸಿದ ಬೋರ್ದಾನ ಉಪಕರಣವೂ ಇದೇ ತತ್ವದ್ದು. ಒಂದೇ ಕೋನವನ್ನು ಹತ್ತಾರು ಬಾರಿ ಒಂದರ ಮೇಲೊಂದು ಕೂಡಿಸಿ ಅಳೆದು, ಒಟ್ಟನ್ನು ಅಷ್ಟರಿಂದ ಭಾಗಿಸುತ್ತಿದ್ದರು.

ಬೇಸಿಗೆ, ಮಳೆ

ಇಷ್ಟೆಲ್ಲ ಸರಿಮಾಡಿದರೂ ಮರ ಸುಮ್ಮನಿರುವುದಿಲ್ಲ. ಒಣಗಿದಾಗ ಮರ ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಗಲದಲ್ಲಿ ಕುಗ್ಗುತ್ತದೆ. ಹಸಿಯಿರುವಾಗ ಸರಿಯಾಗಿ 15 ಡಿಗ್ರಿಗೆ ಕೊಯ್ದ ತುಂಡು ಒಣಗಿ ಅಗಲದಲ್ಲಿ ನೂರಕ್ಕೆ 3 ಪಾಲು ಕುಗ್ಗಿದರೆ ಅದರ ಓರೆ 15.44 ಡಿಗ್ರಿ ಆಗಿರುತ್ತದೆ. ಇಪ್ಪತ್ತನಾಲ್ಕು ತುದಿಗೆ ಹತ್ತು ಡಿಗ್ರಿಗೂ ಮಿಕ್ಕಿ ವ್ಯತ್ಯಾಸ! ಕೂಡಿಸಿದ ಬಳೆ ಒಳಮೈಯಲ್ಲಿ ಬಾಯಿಬಿಡುತ್ತದೆ. ಗರಗಸದ ತಪ್ಪಲ್ಲ, ಕೈಯ ತಪ್ಪಲ್ಲ. ಮರ ಒಣಗುವ ತನಕ ಕಾಯದ ತಪ್ಪು. ಬಂಡಿಗೆ ಮರ ಕಡಿದು ವರ್ಷಗಟ್ಟಲೆ ನೆರಳಲ್ಲಿ ಒಟ್ಟಿಡುತ್ತಿದ್ದುದು ಸುಮ್ಮನೆ ಅಲ್ಲ.

ಹೊಸಪೇಟೆ, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಒಣಗಿದ ಮರದ ಗಾಲಿಯೂ ಇನ್ನಷ್ಟು ಕುಗ್ಗಿ ಹಳಿ ಸಡಿಲಾಗುತ್ತದೆ. ಬಂಡಿ ಹೊರಟರೆ ಲಟಲಟ ಸದ್ದು. ರೈತರು ಗಾಲಿಯನ್ನು ಬಿಚ್ಚಿ ಕೆರೆಯಲ್ಲೋ ಕಾಲುವೆಯಲ್ಲೋ ರಾತ್ರಿಯಿಡೀ ನೆನೆಹಾಕುತ್ತಾರೆ. ನೀರು ಕುಡಿದ ಮರ ಅಗಲದಲ್ಲಿ ಉಬ್ಬಿ, ಬೆಳಗಾಗುವಷ್ಟರಲ್ಲಿ ಹಳಿ ಮತ್ತೆ ಬಿಗಿ.

ಟೈರಿನ ಗಾಡಿ, ಟ್ರ್ಯಾಕ್ಟರುಗಳು ಬಂದ ಮೇಲೆ ಮರದ ಗಾಲಿ ಕಟ್ಟಿಸುವವರು ಕಡಿಮೆಯಾಗಿದ್ದಾರೆ. ಅದಕ್ಕಾಗಿ ಅಳುವುದರಲ್ಲಿ ಅರ್ಥವಿಲ್ಲ. ಅದೇ ಎತ್ತು ಟೈರಿನ ಗಾಡಿಯಲ್ಲಿ ಹೆಚ್ಚು ಭಾರವನ್ನು ಕಡಿಮೆ ಕಷ್ಟದಲ್ಲಿ ಎಳೆಯುತ್ತದೆ. ಆದರೆ ಅಚ್ಚು ಇಟ್ಟು ಗೆರೆ ಎಳೆಯುವ, ಸಂದು ಎಷ್ಟು ಬಿಡಬೇಕೆಂದು ಬೆರಳಿನಲ್ಲಿ ಬಲ್ಲ ಕೈಗಳು ಕಡಿಮೆಯಾದಾಗ ತೇರಿನ ಗಾಲಿ ತಿದ್ದಿಸಬೇಕಾದ ಊರಿನವರು ದೂರ ಅಲೆಯಬೇಕಾಗುತ್ತದೆ. ಬೆಳೆಯುವ ಹುಡುಗರಿಗೆ ಶಾಲೆಯಲ್ಲಿ ವೃತ್ತದ ಪಾಠ ಮಾಡುವಾಗ ಒಂದು ಹಳೆಯ ಗಾಲಿಯನ್ನು ಅಂಗಳಕ್ಕೆ ತರಿಸಿದರೆ ಎಷ್ಟೋ ಪುಟಗಳ ಕೆಲಸವಾಗುತ್ತದೆ. ಕಳಚಿದ ಗಾಲಿಗಳು ಈಗ ಹೋಟೆಲು, ತೋಟದ ಮನೆಗಳ ಮುಂದೆ ಅಲಂಕಾರಕ್ಕೆ ನಿಂತಿರುವುದರಿಂದ ಸಿಗುವುದು ಕಷ್ಟವೇನಲ್ಲ.

ಇನ್ನೂ ಓಡುವ ಗಾಲಿಯಲ್ಲಿ ಒಂದು ತುಂಡು ಮುರಿದರೆ ಬಡಿಗ ಹಳೆಯ ಅಚ್ಚನ್ನು ಹುಡುಕುವುದಿಲ್ಲ. ಹುಡುಕಿದರೂ ಅದು ಹೊಂದುವುದಿಲ್ಲ. ಉಳಿದ ಐದು ತುಂಡುಗಳು ಇಷ್ಟು ವರ್ಷ ಸವೆದು, ಒತ್ತಿಕೊಂಡು ತಮ್ಮದೇ ಓರೆಗೆ ಬಂದಿರುತ್ತವೆ. ಹಳಿ ಬಿಚ್ಚಿಸಿ, ಖಾಲಿ ಜಾಗದ ಎರಡು ಪಕ್ಕದ ತುದಿಗಳ ಓರೆಯನ್ನು ತೆಳು ಹಲಗೆಯ ಮೇಲೆ ಗೀರಿಕೊಂಡು, ಆ ಅಳತೆಗೆ ಹೊಸ ತುಂಡು ಕೊಯ್ದು, ಗುರುತು ಹಾಕಿ ಕೂಡಿಸುತ್ತಾನೆ. ಆಮೇಲೆ ಹಳಿಯನ್ನು ಮತ್ತೆ ಕಾಯಿಸಲು ಕಮ್ಮಾರನಿಗೆ ಹೇಳಿ ಕಳಿಸುತ್ತಾನೆ.